ಇಚ್ಛೆಗೊಂದು ಅಳತೆ

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಎಂಟನೆಯದು ಉತ್ತಮ ತ್ಯಾಗ, ಒಂಬತ್ತನೆಯದು ಉತ್ತಮ ಆಕಿಂಚನ್ಯ. ಬಿಡುವುದಕ್ಕೆ ಒಂದು ದಿನವನ್ನು ಮೀಸಲಿಟ್ಟ ಮೇಲೆ, ತನ್ನದೆಂಬುದು ಏನೂ ಇಲ್ಲವೆಂಬ ಭಾವಕ್ಕೆ ಮತ್ತೊಂದು ದಿನವೇಕೆ ಎಂದು ಶ್ರಾವಕರು ಕೇಳುವುದುಂಟು. ಹಳೆಯ ಮನೆಯೊಂದನ್ನು ಖಾಲಿ ಮಾಡಿ ಚಿಕ್ಕ ಮನೆಗೆ ಹೋದವರಿಗೆ ಇದರ ಉತ್ತರ ಬೇಗ ಹೊಳೆಯುತ್ತದೆ.

ಈಗ ಅಂತಹ ಮನೆಗಳು ಊರೂರಿನಲ್ಲಿಯೂ ಇವೆ. ಮಕ್ಕಳು ಬೆಂಗಳೂರಿನಲ್ಲೋ ಪರದೇಶದಲ್ಲೋ ನೆಲೆಸಿದ್ದಾರೆ. ದೊಡ್ಡ ಮನೆಯಲ್ಲಿ ಉಳಿದ ವೃದ್ಧ ದಂಪತಿಗೆ ಅಂಗಳ ಗುಡಿಸುವುದೂ ಭಾರವಾಗಿದೆ. ಕೊನೆಗೆ ಮಗನ ಮನೆಯ ಸಮೀಪ ಎರಡು ಕೋಣೆಗಳ ಫ್ಲ್ಯಾಟೊಂದಕ್ಕೆ ಹೋಗುವುದೆಂದು ನಿಶ್ಚಯವಾಗುತ್ತದೆ. ಆಗ ಅಟ್ಟದಿಂದ ಇಳಿಯುವ ವಸ್ತುಗಳನ್ನು ನೋಡಬೇಕು: ಮದುವೆಯ ಅಡುಗೆಗೆಂದು ಇಟ್ಟ ಕೊಪ್ಪರಿಗೆ, ಬಚ್ಚಲಿನ ತಾಮ್ರದ ಹಂಡೆ, ಹಿಡಿ ಮುರಿದ ಸೌಟುಗಳು, ತೊಟ್ಟಿಲು, ನಿಂತುಹೋದ ಗೋಡೆ ಗಡಿಯಾರ, ಉಡುಗೊರೆಯಾಗಿ ಬಂದು ಒಮ್ಮೆಯೂ ಬಳಸದೆ ಉಳಿದ ಸ್ಟೀಲ್ ಡಬ್ಬಿಗಳು. ‘ಇಷ್ಟನ್ನೆಲ್ಲ ಎಲ್ಲಿ ಇಡುವುದಮ್ಮಾ? ಗುಜರಿಗೆ ಕೊಟ್ಟುಬಿಡಿ’ ಎನ್ನುತ್ತಾನೆ ಮಗ. ಅವನ ಮಾತಿನಲ್ಲಿ ತಪ್ಪಿಲ್ಲ, ಆ ಫ್ಲ್ಯಾಟಿನಲ್ಲಿ ಹಂಡೆಗೆ ಒಲೆಯೇ ಇಲ್ಲ. ಆದರೂ ತಾಯಿಯ ಕಣ್ಣು ತುಂಬುತ್ತದೆ. ಹಂಡೆಯೊಡನೆ ತಾನು ಬಾಳಿದ ನಲವತ್ತು ವರ್ಷಗಳನ್ನೂ ಯಾರೋ ತಕ್ಕಡಿಗೆ ಹಾಕಿದಂತೆ ಆಕೆಗೆ ತೋರುತ್ತದೆ.

ಈ ನೋವನ್ನು ಜೈನಾಚಾರ್ಯರು ಬಹಳ ಹಿಂದೆಯೇ ಹೆಸರಿಟ್ಟು ಗುರುತಿಸಿದ್ದಾರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕುವುದಿಲ್ಲ, ಮೂರ್ಛೆಯಲ್ಲಿ ಕಾಣುತ್ತದೆ. ಪ್ರಜ್ಞೆ ತಪ್ಪಿ ಬೀಳುವ ಮೂರ್ಛೆಯಲ್ಲ ಇದು. ‘ನನ್ನದು’ ಎಂಬ ಮಮತೆಯಲ್ಲಿ ಎಚ್ಚರ ತಪ್ಪುವ ಮೂರ್ಛೆ. ಶಾಸ್ತ್ರಗಳು ಹೇಳುವ 24 ಪರಿಗ್ರಹಗಳಲ್ಲಿ ಹೊಲ, ಮನೆ, ಬೆಳ್ಳಿ, ಬಂಗಾರ ಮೊದಲಾದ ಬಾಹ್ಯ ಪರಿಗ್ರಹಗಳು 10 ಮಾತ್ರ. ಉಳಿದ 14 ಅಂತರಂಗದವು: ಮಿಥ್ಯಾತ್ವ, ಕ್ರೋಧ ಮಾನ ಮಾಯಾ ಲೋಭಗಳೆಂಬ ನಾಲ್ಕು ಕಷಾಯಗಳು, ಹಾಸ್ಯಾದಿ ಒಂಬತ್ತು ನೋಕಷಾಯಗಳು. ಗುಜರಿಯವನ ಗಾಡಿಗೆ ಏರಿಸಬಹುದಾದದ್ದು ಮೊದಲ ಹತ್ತನ್ನು. ಮಿಕ್ಕ ಹದಿನಾಲ್ಕೂ ಬಾಡಿಗೆಯಿಲ್ಲದೆ ಹೊಸ ಮನೆಗೆ ಜೊತೆಯಾಗಿಯೇ ಬರುತ್ತವೆ.

ಮನೆಯನ್ನು ಹಗುರಗೊಳಿಸುವುದು ಇತ್ತೀಚೆಗೆ ಒಂದು ಹವ್ಯಾಸವೂ ಆಗಿದೆ. ಬಿಳಿಯ ಗೋಡೆ, ಒಂದೇ ಕುರ್ಚಿ, ಬರಿದಾದ ಕಪಾಟು. ಅದರ ಚಿತ್ರ ನೆಂಟರ ಫೋನುಗಳಿಗೆ. ನೋಡಿದವರು ಇದನ್ನೇ ಅಪರಿಗ್ರಹವೆಂದು ಕೊಂಡಾಡುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಅದೇ ಫೋನಿನಿಂದ ತರಿಸಿದ ಪೆಟ್ಟಿಗೆಗಳು ಬಾಗಿಲಿಗೆ ಬರುತ್ತವೆ. ಹಳೆಯದನ್ನು ಎಸೆದು ಹೊಸದಕ್ಕೆ ಜಾಗ ಮಾಡಿಕೊಡುವುದಕ್ಕೆ ವ್ಯಾಪಾರದಲ್ಲಿ ಬೇರೆ ಹೆಸರಿರಬಹುದು, ಅದು ವ್ರತವಂತೂ ಅಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಐದನೆಯ ಅಣುವ್ರತವಾದ ಪರಿಮಿತ ಪರಿಗ್ರಹಕ್ಕೆ ‘ಇಚ್ಛಾಪರಿಮಾಣ’ ಎಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ. ಅಳೆಯಬೇಕಾದದ್ದು ಇಚ್ಛೆಯನ್ನು ಎಂಬುದು ಆ ಹೆಸರಿನಲ್ಲಿಯೇ ಇದೆ. ಅಳತೆಯನ್ನು ಕೊಳ್ಳುವುದಕ್ಕೆ ಮೊದಲೇ ಗೊತ್ತುಮಾಡಬೇಕು. ಅಟ್ಟ ತುಂಬಿದ ಮೇಲೆ ಮಾಡುವುದು ಬರಿಯ ವಿಲೇವಾರಿ. ಈ ವ್ರತಕ್ಕೆ ಅವರು ಹೇಳುವ ಐದು ಅತಿಚಾರಗಳಲ್ಲಿ ಅತಿಸಂಗ್ರಹವೂ ಒಂದು. ತತ್ತ್ವಾರ್ಥಸೂತ್ರವಾದರೋ ಹೊಲ, ಮನೆ, ಬೆಳ್ಳಿ, ಬಂಗಾರ, ಧನಧಾನ್ಯ, ದಾಸದಾಸಿಯರ ಸಾಲಿನ ಕೊನೆಯಲ್ಲಿ ‘ಕುಪ್ಯ’ವನ್ನೂ ಸೇರಿಸುತ್ತದೆ. ಬಟ್ಟೆಬರೆ, ಪಾತ್ರೆಪಡಗಗಳು ಬರುವುದು ಇದರಲ್ಲಿಯೇ. ಬಂಗಾರಕ್ಕೂ ನಿವೇಶನಕ್ಕೂ ಮಿತಿ ಹಾಕಿಕೊಂಡ ಶ್ರಾವಕ ಶ್ರಾವಿಕೆಯರು ಎಷ್ಟೋ ಜನರಿದ್ದಾರೆ. ಸೀರೆಗೆ, ಅಂಗಿಗೆ, ಅಡುಗೆಮನೆಯ ಡಬ್ಬಿಗೆ ಮಿತಿ ಹಾಕಿಕೊಂಡವರು ವಿರಳ. ಅಟ್ಟ ತುಂಬುವುದು ಮಾತ್ರ ಈ ಕುಪ್ಯದಿಂದಲೇ.

ಇನ್ನು ಕೊಡುವ ವಿಚಾರ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನ ನಾಲ್ಕು ಬಗೆ. ಅವಧಿ ಮುಗಿದ ಗುಳಿಗೆಗಳನ್ನು ಮನೆಗೆಲಸದವಳ ಕೈಗಿತ್ತು ಔಷಧದಾನವಾಯಿತೆನ್ನುವವರೂ ಇದ್ದಾರೆ! ಹರಿದ ಕೌದಿ, ಸೋರುವ ಕೊಡ, ಓಡದ ಮಿಕ್ಸರ್ ಇವನ್ನು ಬಡವರ ಮನೆಗೆ ಸಾಗಿಸಿದರೆ ಕಸದ ಸ್ಥಳ ಬದಲಾಯಿತೇ ಹೊರತು ದಾನವಾಗಲಿಲ್ಲ. ಕೊಟ್ಟವನಿಗೂ ಕೊಂಡವನಿಗೂ ಹಿತವಾಗಬೇಕೆಂಬುದು ದಾನದ ಲಕ್ಷಣ. ಗಟ್ಟಿಯಾಗಿರುವ ಕೊಪ್ಪರಿಗೆಯನ್ನು ಉಜ್ಜಿ, ಕಲಾಯಿ ಹಾಕಿಸಿ, ಊರಿನ ಬಸದಿಯ ಪಾಕಶಾಲೆಗೆ ಒಪ್ಪಿಸಿದರೆ ಅದು ಮತ್ತೆ ನೂರು ಜನರ ಊಟಕ್ಕೆ ಒದಗುತ್ತದೆ. ಬೇಡವೆಂದು ಬಸದಿಯವರು ಹೇಳಿದರೆ ಬಲವಂತ ಮಾಡಬಾರದು. ಅವರ ಉಗ್ರಾಣವೂ ಒಂದು ಅಟ್ಟವೇ.

ಗ್ರಂಥಗಳ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ಹಳೆಯ ಜೈನ ಮನೆಗಳ ಪೆಟ್ಟಿಗೆಗಳಲ್ಲಿ ತಾಳೆಗರಿಯ ಕಟ್ಟು ಇಂದಿಗೂ ಸಿಕ್ಕೀತು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ನಾಡು ಇದು. ಓದಲು ಬಾರದೆಂಬ ಕಾರಣಕ್ಕೆ ಆ ಕಟ್ಟನ್ನು ಹಳೆಯ ಪತ್ರಿಕೆಗಳೊಡನೆ ತೂಕಕ್ಕೆ ಹಾಕುವುದು ಅಪಚಾರ. ಜೈನ ಮಠಕ್ಕೋ ವಿಶ್ವವಿದ್ಯಾಲಯದ ಹಸ್ತಪ್ರತಿ ಭಂಡಾರಕ್ಕೋ ತೋರಿಸಿ ಒಪ್ಪಿಸುವುದು ಶಾಸ್ತ್ರದಾನವೇ ಸರಿ.

ಕೆಲಸದ ರೀತಿಯಲ್ಲಿಯೂ ಧರ್ಮವಿದೆ. ಲಾರಿ ಬರುವ ಹಿಂದಿನ ರಾತ್ರಿ ದೀಪದ ಬೆಳಕಿನಲ್ಲಿ ಎಲ್ಲವನ್ನೂ ಎಳೆದು ಹಾಕಿದರೆ ಅಟ್ಟದ ಜೇಡ, ಇರುವೆ, ಹಲ್ಲಿಯ ಮೊಟ್ಟೆಗಳ ಗತಿಯೇನು? ಮುನಿಗಳು ಪಿಂಛಿಯಿಂದ ಸವರಿ ನೋಡಿ ವಸ್ತುವನ್ನು ಎತ್ತುವುದಕ್ಕೂ ಇಡುವುದಕ್ಕೂ ಆದಾನನಿಕ್ಷೇಪಣ ಸಮಿತಿ ಎಂದು ಹೆಸರು. ಗೃಹಸ್ಥನಿಗೆ ಅಷ್ಟು ಸಾಧ್ಯವಿಲ್ಲವಾದರೂ ಹಗಲಿನಲ್ಲಿ, ದಿನಕ್ಕೊಂದು ಮೂಲೆಯಂತೆ, ನೋಡಿ ಇಳಿಸುವುದು ಸಾಧ್ಯವಿದೆ. ಹುಳು ಹಿಡಿದ ಕಾಳನ್ನು ಉರಿಬಿಸಿಲಿಗೆ ಸುರಿಯದೆ ನೆರಳಿನಲ್ಲಿ ಹರಡಿದರೆ ಹುಳುಗಳು ತಾವೇ ಸರಿದು ಹೋಗುತ್ತವೆ. ಹೀಗೆ ನಿಧಾನಿಸುವುದು ಮನುಷ್ಯರಿಗೂ ಒಳ್ಳೆಯದು. ತೊಟ್ಟಿಲನ್ನು ಒಂದೇ ಗಳಿಗೆಯಲ್ಲಿ ಕಿತ್ತುಕೊಂಡರೆ ಉಳಿಯುವ ಕೊರಗು, ಎಂಟು ದಿನ ಕಣ್ಣೆದುರು ಇಟ್ಟುಕೊಂಡು ತಾನೇ ಕೈಯೆತ್ತಿ ಕೊಟ್ಟಾಗ ಅಷ್ಟಾಗಿ ಉಳಿಯದು. ಮಕ್ಕಳು ತಂದೆತಾಯಿಗೆ ಆ ಎಂಟು ದಿನಗಳನ್ನು ಕೊಡುವಷ್ಟು ರಜೆ ಮಾಡಿಕೊಂಡು ಬರಬೇಕು.

ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಪರಿಗ್ರಹತ್ಯಾಗ ಬರುವುದು ಒಂಬತ್ತನೆಯದಾಗಿ. ಅಷ್ಟು ಮೆಟ್ಟಿಲು ಹತ್ತಿದ ಮೇಲೆಯೇ ಅದನ್ನು ಕೇಳುತ್ತಾರೆ. ಕುತೂಹಲದ ಸಂಗತಿಯೆಂದರೆ ಅದರ ಮುಂದಿನ ಮೆಟ್ಟಿಲು, ಅನುಮತಿತ್ಯಾಗ. ಸಂಸಾರದ ವ್ಯವಹಾರಗಳಲ್ಲಿ ‘ಹೀಗೆ ಮಾಡಿ, ಹಾಗೆ ಬೇಡ’ ಎಂಬ ಸಮ್ಮತಿ ಸೂಚನೆಗಳನ್ನೂ ಬಿಡುವುದು. ವಸ್ತುವನ್ನು ಬಿಟ್ಟ ಮೇಲೂ ಅದರ ಮೇಲಿನ ಅಧಿಕಾರ ಉಳಿದಿರುತ್ತದೆ ಎಂಬುದನ್ನು ಇದಕ್ಕಿಂತ ಸೂಕ್ಷ್ಮವಾಗಿ ಹೇಳುವುದು ಕಷ್ಟ. ಸೊಸೆಗೆ ಕೊಟ್ಟ ಹಿತ್ತಾಳೆಯ ದೀಪ ಎಲ್ಲಿದೆ, ದಿನವೂ ಉಜ್ಜುತ್ತಾಳೆಯೇ ಎಂದು ಅತ್ತೆ ಹೋದಾಗಲೆಲ್ಲ ಕಣ್ಣಾಡಿಸುತ್ತಿದ್ದರೆ ದೀಪ ಇನ್ನೂ ಅತ್ತೆಯದೇ. ಸೊಸೆಗೆ ಬಂದದ್ದು ಅದನ್ನು ಕಾಯುವ ಕೆಲಸ.

ಆಜೀವ ವ್ರತಕ್ಕೆ ಮನಸ್ಸು ಹಿಂಜರಿದರೆ ಕಾಲಮಿತಿಯ ನಿಯಮಕ್ಕೂ ಶಾಸ್ತ್ರದಲ್ಲಿ ಎಡೆಯಿದೆ. ಬದುಕಿರುವವರೆಗೆ ಪಾಲಿಸುವುದು ಯಮ, ಇಂತಿಷ್ಟು ಕಾಲವೆಂದು ಗೊತ್ತುಮಾಡಿಕೊಳ್ಳುವುದು ನಿಯಮ. ಚಿಕ್ಕ ಮನೆಗೆ ಹೊರಟವರು ಪೆಟ್ಟಿಗೆ ಕಟ್ಟುವ ಮೊದಲು ಬಸದಿಗೆ ಹೋಗಿ, ಇಷ್ಟು ಪಾತ್ರೆ, ಇಷ್ಟು ಉಡುಪು, ಬರುವ ಭಾದ್ರಪದದವರೆಗೆ ಇದಕ್ಕೆ ಒಂದೂ ಹೆಚ್ಚಾಗದು ಎಂದು ನಿಯಮ ತೆಗೆದುಕೊಳ್ಳಬಹುದು. ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಟ್ಟರೆ ವರ್ಷದ ಕೊನೆಯಲ್ಲಿ ಎಣಿಸಿ ನೋಡಲು ಅನುಕೂಲ.