ಮಾಲೆಯ ಉದ್ದ

ಮೊನ್ನೆ ಶುಕ್ರವಾರ ಬೆಳಗ್ಗೆ ನಮ್ಮ ತಾಯಿಯವರು ನಡುಮನೆಯಲ್ಲಿ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. ಮೊರದಲ್ಲಿ ಮೊಗ್ಗಿನ ರಾಶಿ, ಬೆರಳ ಸಂದಿಯಲ್ಲಿ ಬಾಳೆಯ ನಾರು. ನನ್ನ ಮಡದಿಯೂ ತಂಗಿಯೂ ಬಂದು ಜೊತೆಗೂಡಿದರು. ಸ್ವಲ್ಪ ಹೊತ್ತಿನಲ್ಲೇ ರಾಶಿ ಕರಗಿತು. ಆಗ ತಾಯಿಯವರು, "ನಾನೊಬ್ಬಳೇ ಕಟ್ಟಿದ್ದರೆ ಎರಡು ಮಾರಿನ ಒಂದೇ ಮಾಲೆಯಾಗುತ್ತಿತ್ತು. ನೀವಿಬ್ಬರೂ ಕೈಹಾಕಿದಿರಿ, ಮೂರು ತುಂಡಾಯಿತು. ದೇವರ ಪಟಕ್ಕೆ ಒಂದೂ ಸಾಲದು!" ಎಂದು ಆಕ್ಷೇಪಿಸಿದರು.

ನನಗೆ ನಗು ತಡೆಯಲಾಗಲಿಲ್ಲ. ಹಿಂದಿನ ರಾತ್ರಿ ನಾನು ಓದುತ್ತಿದ್ದುದು ಇದೇ ವಿಷಯವನ್ನು. ಮಾಲೆ ಕಟ್ಟುವವರು ಮಾತ್ರ ಬೇರೆ. ಅವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು.

ಕನ್ನಡ ಪಾಠ ಹೇಳುವವನಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಾಲೇಜಿನಲ್ಲಿ ನನ್ನ ಪಕ್ಕದ ಕುರ್ಚಿ ಜೀವಶಾಸ್ತ್ರದ ಅಧ್ಯಾಪಕರದು. ಅವರು ಕೊಟ್ಟದ್ದನ್ನು ಓದದೆ ಹಿಂದಿರುಗಿಸುವ ಧೈರ್ಯ ನನಗಿಲ್ಲ.

೧೯೨೬ರಲ್ಲಿ ಫ್ರಾನ್ಸಿನ ಮೊರೀಸ್ ಲೆಮ್ವಾಞ್ ಎಂಬ ವಿಜ್ಞಾನಿ ಬ್ಯಾಸಿಲಸ್ ಮೆಗಾಟೀರಿಯಮ್ ಎಂಬ ಬ್ಯಾಕ್ಟೀರಿಯದ ಒಡಲಿನಲ್ಲಿ ಒಂದು ವಿಚಿತ್ರ ವಸ್ತುವನ್ನು ಗುರುತಿಸಿದರು. ಅದರ ಹೆಸರು ಪಾಲಿಹೈಡ್ರಾಕ್ಸಿಬ್ಯುಟಿರೇಟ್, ಚಿಕ್ಕದಾಗಿ ಪಿ.ಎಚ್.ಬಿ. ಹೆಸರು ಕಠಿಣವಾದರೂ ಸಂಗತಿ ಸರಳ. ಸಕ್ಕರೆ ಹೇರಳವಾಗಿದ್ದು ಸಾರಜನಕವೋ ರಂಜಕವೋ ಕೊರತೆಯಾದಾಗ ಈ ಜೀವಿ ಬೆಳೆಯಲಾರದು. ಸಿಕ್ಕಿದ ಸಕ್ಕರೆಯನ್ನು ಬಿಡಲೂ ಒಲ್ಲದು. ಬೇಸಗೆಯಲ್ಲಿ ಹಪ್ಪಳ ಸಂಡಿಗೆ ಮಾಡಿ ಡಬ್ಬಿ ತುಂಬುವ ಗೃಹಿಣಿಯಂತೆ, ಅದನ್ನು ಬೇರೊಂದು ರೂಪಕ್ಕೆ ತಿರುಗಿಸಿ ಕೂಡಿಡುತ್ತದೆ. ಕ್ಯುಪ್ರಿಯಾವಿಡಸ್ ನೆಕೇಟರ್ ಎಂಬ ಬ್ಯಾಕ್ಟೀರಿಯವಂತೂ ತನ್ನ ಒಣತೂಕದಲ್ಲಿ ನೂರಕ್ಕೆ ೮೦ ಪಾಲಿನಷ್ಟನ್ನು ಹೀಗೆ ತುಂಬಿಕೊಳ್ಳಬಲ್ಲದು. ಈ ದಾಸ್ತಾನು ನಮ್ಮ ಕೈಗೆ ಬಂದರೆ, ಅದೇ ಮಣ್ಣಿನಲ್ಲಿ ಕರಗುವ ಪ್ಲಾಸ್ಟಿಕ್ಕು!

ಬಿಡಿ ಅಣುಗಳು ಒಡಲಿನ ನೀರಿನಲ್ಲಿ ಕರಗಿಬಿಡುತ್ತವೆ. ಆದ್ದರಿಂದ ಬ್ಯಾಕ್ಟೀರಿಯವು ಅವನ್ನು ಸರವಾಗಿ ಪೋಣಿಸಿ, ಕರಗದ ಕಣಗಳಾಗಿ ಇಡುತ್ತದೆ. ಸರದ ಒಂದೊಂದು ಮೊಗ್ಗಿನ ಅಣುತೂಕ ೮೬. ಹತ್ತು ಲಕ್ಷ ತೂಕದ ಒಂದು ಸರದಲ್ಲಿ ಸುಮಾರು ೧೧,೬೦೦ ಮೊಗ್ಗುಗಳು! ಇಷ್ಟು ಸಾಕೆಂದು ಹೇಳುವವರು ಯಾರು?

ಮೊದಲನೆಯ ಉತ್ತರವನ್ನು ನಮ್ಮ ತಾಯಿಯವರೇ ಕೊಟ್ಟಿದ್ದಾರೆ. ಪೋಣಿಸುವ ಕೆಲಸ ಒಂದು ಕಿಣ್ವದ್ದು. ೧೯೯೭ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಆಂಟನಿ ಸಿನ್‌ಸ್ಕಿ ಮತ್ತು ಸಂಗಡಿಗರು, ಇ. ಕೋಲೈ ಬ್ಯಾಕ್ಟೀರಿಯದಲ್ಲಿ ಈ ಕಿಣ್ವದ ಪ್ರಮಾಣವನ್ನು ಬೇಕಾದಂತೆ ಏರಿಸಿ ಇಳಿಸಿ ನೋಡಿದರು. ಕಿಣ್ವ ಹೆಚ್ಚಾದಷ್ಟೂ ಸರ ಗಿಡ್ಡವಾಯಿತು. ಮೊಗ್ಗು ಅಷ್ಟೇ ಇದ್ದು ಕೈಗಳು ಹೆಚ್ಚಾದರೆ ಆಗುವುದು ಅದೇ ತಾನೆ?

ಎರಡನೆಯದು ನಾರು ಕಡಿಯುವವರ ಸಂಗತಿ. ಬೆಳೆಯುತ್ತಿರುವ ಸರವನ್ನು ಕಿಣ್ವ ಬಿಗಿಯಾಗಿ ಹಿಡಿದಿರುತ್ತದೆ. ನಡುವೆ ನೀರಿನದೋ ಮದ್ಯಸಾರದ್ದೋ ಅಣುವೊಂದು ನುಗ್ಗಿದರೆ ಸರ ಕಳಚಿಕೊಳ್ಳುತ್ತದೆ. ಕಿಣ್ವ ಹೊಸದನ್ನು ಆರಂಭಿಸುತ್ತದೆ. ಮೂರನೆಯದು ಹಸಿವು. ಕೂಡಿಟ್ಟದ್ದು ಉಣ್ಣುವುದಕ್ಕೇ ಅಲ್ಲವೆ? ಹಸಿವಾದಾಗ ಇನ್ನೊಂದು ಕಿಣ್ವ ಬಂದು ಸರವನ್ನು ಕತ್ತರಿಸುತ್ತದೆ.

ಉದ್ದ ಎಷ್ಟಾದರೇನು ಎನ್ನುವಂತಿಲ್ಲ. ಗಿಡ್ಡ ಸರಗಳ ಪ್ಲಾಸ್ಟಿಕ್ಕು ಹಪ್ಪಳದಂತೆ ಮುರಿಯುತ್ತದೆ. ಇದು ಸುಮಾರು ೧೭೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಶಾಖ ಇನ್ನೂ ಸ್ವಲ್ಪ ಏರಿದರೆ ಸರಗಳೇ ತುಂಡಾಗತೊಡಗುತ್ತವೆ. ಅಚ್ಚಿನಲ್ಲಿ ಹಾದುಬಂದ ಮೇಲೂ ಗಟ್ಟಿಯಾಗಿರಬೇಕಾದರೆ ಮೊದಲೇ ಉದ್ದವಾಗಿರಬೇಕು. ೧೯೯೦ರಲ್ಲಿ ಇದೇ ಕುಲದ ಪ್ಲಾಸ್ಟಿಕ್ಕಿನ ಶಾಂಪೂ ಸೀಸೆಗಳು ಜರ್ಮನಿಯ ಮಾರುಕಟ್ಟೆಗೆ ಬಂದುವು. ಆದರೆ ಸಾಮಾನ್ಯ ಪ್ಲಾಸ್ಟಿಕ್ಕಿನ ಅಗ್ಗದ ಬೆಲೆಯೊಡನೆ ಸ್ಪರ್ಧಿಸಲು ಅವಕ್ಕೆ ಸಾಧ್ಯವಾಗಲಿಲ್ಲ.

ಕಲ್ಲೆಣ್ಣೆಯಿಂದ ನಾವು ಮಾಡುವ ಪಾಲಿಥೀನಿನ ಸರವೂ ಬಹಳ ಉದ್ದವೇ. ಅದನ್ನು ಕತ್ತರಿಸುವ ಕತ್ತರಿ ಮಾತ್ರ ಮಣ್ಣಿನ ಜೀವಿಗಳ ಬಳಿ ಇಲ್ಲವೆನ್ನುವಷ್ಟು ಅಪರೂಪ. ಪಿ.ಎಚ್.ಬಿ.ಗಾದರೋ ಕತ್ತರಿ ಹಿಡಿದ ಜೀವಿಗಳು ಮಣ್ಣಿನಲ್ಲೇ ಇವೆ. ಹಾಗೆಂದು ಬೀರುವಿನಲ್ಲಿಟ್ಟರೆ ಅದು ಕರಗದು. ತೇವ ಬೇಕು, ಮಣ್ಣು ಬೇಕು, ಜೀವಿಗಳು ಬೇಕು. ಕಟ್ಟುವ ವಿದ್ಯೆಯನ್ನು ನಾವು ಬಲುಬೇಗ ಕಲಿತೆವು. ಬಿಚ್ಚುವ ವಿದ್ಯೆಯನ್ನೂ ಜೊತೆಗೇ ಕಲಿತಿರುವುದು ಬ್ಯಾಕ್ಟೀರಿಯ.

ಮರುದಿನ ತಾಯಿಯವರು ಬಾಡಿದ ಮಾಲೆಗಳನ್ನು ತೆಗೆದು ಹಿತ್ತಲಿನ ಗಿಡದ ಬುಡಕ್ಕೆ ಹಾಕಿದರು. ಹೂವೂ ನಾರೂ ಮಣ್ಣಾಗುತ್ತವೆ. ಬಳಿಕ ನಾನು ಮೊಗ್ಗು ತಂದಿದ್ದ ಪ್ಲಾಸ್ಟಿಕ್ ಚೀಲವನ್ನು ಎತ್ತಿ ಹಿಡಿದು, "ಇದನ್ನೆಲ್ಲಿ ಹಾಕಲಪ್ಪಾ?" ಎಂದು ಕೇಳಿದರು.

ನಾನು ಅದನ್ನು ಮಡಿಸಿ, ಹಿಂದಿನ ವಾರದ ಚೀಲಗಳ ಜೊತೆಗೆ ಇಟ್ಟೆ. ಮುಂದಿನ ಶುಕ್ರವಾರಕ್ಕೆ ಬಟ್ಟೆಯ ಕೈಚೀಲವೊಂದು ಬಾಗಿಲ ಹಿಂದಿನ ಗೂಟಕ್ಕೆ ಬಂದಿದೆ.