ನೀರು ಎಳೆದ ಗೆರೆ

‘ಸೇತುವೆ ಆಯಿತಲ್ಲ, ಇನ್ನೇನು ನಿಮ್ಮ ತಕರಾರು?’ ಎಂದು ಕೇಳುವವರು ಈಗ ನಮ್ಮಲ್ಲಿ ಹೆಚ್ಚಾಗಿದ್ದಾರೆ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ, ಶರಾವತಿಯ ಹಿನ್ನೀರಿನ ಮೇಲೆ, ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. ತುಮರಿ ಕಡೆಯವರು ಬಿಸಿಲಲ್ಲಿ ಲಾಂಚಿಗೆ ಕಾಯುವುದು, ಸಂಜೆಯ ಕೊನೆಯ ಲಾಂಚು ತಪ್ಪಿದರೆ ಕಾಡಿನ ಸುತ್ತುದಾರಿ ಹಿಡಿಯುವುದು, ನೋವು ತಿನ್ನುವ ಬಸುರಿಯನ್ನು ದಡದಲ್ಲಿ ಕೂರಿಸಿಕೊಂಡು ದೇವರನ್ನು ನೆನೆಯುವುದು ಇವೆಲ್ಲ ಮುಗಿಯಿತು. ನನಗೂ ಸಂತೋಷವೇ. ಆದರೆ ಸೇತುವೆ ಕೂಡಿಸಿರುವುದು ಎರಡು ದಡಗಳನ್ನು. ಅರವತ್ತು ವರ್ಷಗಳ ಹಿಂದೆ ಒಡೆದದ್ದು ಜನರನ್ನು. ಈ ಎರಡು ಲೆಕ್ಕವನ್ನು ಒಟ್ಟಿಗೆ ಬರೆದು ‘ಚುಕ್ತಾ’ ಎಂದು ಪುಸ್ತಕ ಮುಚ್ಚುವುದಕ್ಕೆ ನನ್ನ ವಿರೋಧವಿದೆ.

ಶಾಲೆಯಲ್ಲಿ ಶೀತಲ ಸಮರದ ಪಾಠ ಮಾಡುವಾಗ ಮಕ್ಕಳು ಕೇಳುವ ಪ್ರಶ್ನೆಯೊಂದಿದೆ: ‘ಕೊರಿಯಾದವರು ಯಾಕೆ ಟೀಚರ್ ಜಗಳ ಮಾಡಿಕೊಂಡು ಪಾಲಾದರು?’ ಅಣ್ಣತಮ್ಮಂದಿರು ಜಗಳವಾಡಿ ತೋಟ ಪಾಲು ಮಾಡಿಕೊಳ್ಳುವುದನ್ನು ಕಂಡ ಮಕ್ಕಳು ಹೀಗೆ ಕೇಳುವುದು ಸಹಜ. ಆದರೆ ಕೊರಿಯಾದಲ್ಲಿ ಪಾಲು ಮೊದಲು ಬಂತು, ಜಗಳ ಆಮೇಲೆ. 1910ರಿಂದ ಜಪಾನಿನ ಆಳ್ವಿಕೆಯಲ್ಲಿ ನರಳಿದ, ಒಂದೇ ಭಾಷೆಯ ಒಂದೇ ಜನ ಅವರು. 1945ರ ಆಗಸ್ಟಿನಲ್ಲಿ ಜಪಾನ್ ಸೋಲುವ ಹೊತ್ತಿಗೆ ರಷ್ಯದ ಸೈನ್ಯ ಉತ್ತರದಿಂದ ನುಗ್ಗುತ್ತಿತ್ತು, ಅಮೆರಿಕದ ಸೈನ್ಯ ಇನ್ನೂ ದೂರದಲ್ಲಿತ್ತು. ಆಗಸ್ಟ್ 10ರ ರಾತ್ರಿ ವಾಷಿಂಗ್ಟನ್ನಿನಲ್ಲಿ ಇಬ್ಬರು ಅಮೆರಿಕನ್ ಸೇನಾಧಿಕಾರಿಗಳು ಒಂದು ನಕ್ಷೆಯ ಮುಂದೆ ಕೂತು, ಸುಮಾರು ಅರ್ಧ ಗಂಟೆಯಲ್ಲಿ, 38ನೆಯ ಅಕ್ಷಾಂಶವೇ ಗಡಿಯಾಗಲಿ ಎಂದರು. ರಾಜಧಾನಿ ಸಿಯೋಲ್ ತಮ್ಮ ಪಾಲಿಗೆ ಬರಬೇಕೆಂಬುದು ಅವರ ಲೆಕ್ಕ. ರಷ್ಯ ಒಪ್ಪಿತು. ಕೊರಿಯಾದ ಒಬ್ಬನೇ ಒಬ್ಬನನ್ನು ಕೇಳಲಿಲ್ಲ. ತಾತ್ಕಾಲಿಕವೆಂದ ಆ ಗೆರೆಯ ಎರಡು ಬದಿಯಲ್ಲಿ 1948ರಲ್ಲಿ ಎರಡು ಸರ್ಕಾರಗಳಾದವು, 1950ರಲ್ಲಿ ಯುದ್ಧ ಶುರುವಾಯಿತು. 1953ರಲ್ಲಿ ಕದನವಿರಾಮವಾಯಿತೇ ಹೊರತು ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ.

ಈ ಪಾಠ ಮುಗಿಸಿದಾಗಲೆಲ್ಲ ನನಗೆ ನಮ್ಮದೇ ಗೆರೆ ನೆನಪಾಗುತ್ತದೆ. ಅದು ಅಕ್ಷಾಂಶವಲ್ಲ, ಎತ್ತರ: ಸಮುದ್ರಮಟ್ಟದಿಂದ 1819 ಅಡಿ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಪೂರ್ಣ ಮಟ್ಟ ಅದು. ನಕ್ಷೆಯ ಮೇಲೆ ಆ ಮಟ್ಟಕ್ಕೆ ಯಾರೋ ಒಂದು ಗೆರೆ ಎಳೆದರು. ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಆ ಗೆರೆಯ ಕೆಳಗಿದ್ದ ಗದ್ದೆ, ಅಡಿಕೆ ತೋಟ, ದೇವಸ್ಥಾನ, ಭೂತನ ಕಟ್ಟೆ ಎಲ್ಲ ‘ಮುಳುಗಡೆ’ಯಾದವು. ಅದಕ್ಕೆ ಮುಂಚೆ 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂದು ಒಂದಷ್ಟು ಊರು ಹೋಗಿತ್ತು. ಲಿಂಗನಮಕ್ಕಿ ಆ ಅಣೆಕಟ್ಟನ್ನೂ ನುಂಗಿತು. ಮಳೆ ಕಡಿಮೆಯಾದ ವರ್ಷ ಬೇಸಗೆಯಲ್ಲಿ ಮಡೆನೂರಿನಲ್ಲಿ ಅದು ತಲೆಯೆತ್ತುತ್ತದೆ, ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ಆಮೇಲೆ ಚಕ್ರಾ, ಸಾವೆಹಕ್ಲು, ವಾರಾಹಿಯ ಮಾಣಿ ಬಂದು ಹೊಸನಗರವನ್ನು ಮತ್ತೆ ಮತ್ತೆ ಮುಳುಗಿಸಿದವು.

ಒಂದು ಊರಿನ ಜನ ಒಟ್ಟಾಗಿ ಎದ್ದು ಹೋಗಿ ಇನ್ನೊಂದು ಕಡೆ ಕೂತಿದ್ದರೆ ಅದನ್ನು ಊರು ಬದಲಾಯಿಸಿದರು ಎನ್ನಬಹುದಿತ್ತು. ಆದದ್ದು ಹಾಗಲ್ಲ. ಒಬ್ಬ ಅಣ್ಣ ಶಿವಮೊಗ್ಗದ ಕಡೆಯ ಕಾಡಿಗೆ, ಇನ್ನೊಬ್ಬ ಗುಡ್ಡ ಹತ್ತಿ ದ್ವೀಪದಂತಾದ ಜಾಗದಲ್ಲೇ. ಹೊಳೆಯಾಚೆ ಕೊಟ್ಟ ಮಗಳ ಮನೆ ಮೊದಲು ದೋಣಿಯ ದೂರದಲ್ಲಿತ್ತು, ಆಮೇಲೆ ಅರ್ಧ ದಿನದ ದಾರಿಯಾಯಿತು. ಸೊಪ್ಪಿನಬೆಟ್ಟ, ದೇವರ ಬನ, ಹಬ್ಬಕ್ಕೆ ಕೂಡುವ ಕೇರಿ, ಕಷ್ಟಕ್ಕೆ ಬರುವ ನೆರೆ ಇವುಗಳಿಗೆ ಪರಿಹಾರದ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ.

ನೀರಿನ ಗೆರೆಗಿಂತ ಕ್ರೂರವಾದ ಇನ್ನೊಂದು ಗೆರೆಯೂ ಇತ್ತು. ಅದು ಕಾಗದದ್ದು. ಉಳುವವನೇ ಹೊಲದೊಡೆಯನಾಗಬೇಕೆಂಬ ಕೂಗು ಎದ್ದದ್ದು ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ, 1951ರಲ್ಲಿ. ರಾಮಮನೋಹರ ಲೋಹಿಯಾ ಬಂದು ಸೆರೆಯಾದದ್ದು, ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಗೇಣಿದಾರರ ಜೊತೆ ನಿಂತದ್ದು ಎಲ್ಲರೂ ಬಲ್ಲ ಸಂಗತಿ. ಆ ಕೂಗು ಕಾನೂನಾಗಿ ಗೇಣಿದಾರನ ಕೈಗೆ ಸಿಕ್ಕಿದ್ದು 1974ರಲ್ಲಿ. ಲಿಂಗನಮಕ್ಕಿ ತುಂಬಿದ್ದು ಅದಕ್ಕೆ ಹತ್ತು ವರ್ಷ ಮುಂಚೆ! ತಲೆಮಾರುಗಳಿಂದ ಉತ್ತ ಗದ್ದೆ ಮುಳುಗುವಾಗ ಅದು ಗೇಣಿದಾರನದಾಗಿರಲಿಲ್ಲ. ಕಾನೂನು ಬಂದಾಗ ಅರ್ಜಿ ಹಾಕಲು ಗದ್ದೆಯೇ ಇರಲಿಲ್ಲ. ಪರಿಹಾರ ಕಾಗದದಲ್ಲಿ ಹೆಸರಿದ್ದವನಿಗೆ ಹೋಯಿತು. ಹೀಗೆ ಒಂದೇ ಊರಿನವರು ಕಾಗದವಿದ್ದವರು, ಇಲ್ಲದವರು ಎಂದು ಎರಡಾದರು. ಆ ಎರಡು ರಾಜ್ಯಗಳ ನಡುವೆ ಇವತ್ತಿಗೂ ಸೇತುವೆಯಿಲ್ಲ.

‘ಎಲ್ಲಿಯ ಕೊರಿಯಾ, ಎಲ್ಲಿಯ ತುಮರಿ! ಇಲ್ಲೇನು ಮುಳ್ಳುತಂತಿ ಇದೆಯೇ, ಬಂದೂಕು ಇದೆಯೇ?’ ಎನ್ನಬಹುದು. ಇಲ್ಲ, ನಿಜ. ಆದರೆ ಅಲ್ಲಿ ಗೆರೆ ಎಳೆದವರು ಪರದೇಶದ ಸೇನಾಧಿಕಾರಿಗಳು. ಇಲ್ಲಿ ಎಳೆದದ್ದು ನಾವೇ ಓಟು ಹಾಕಿ ಕೂರಿಸಿದ ಸರ್ಕಾರ. ಹಾಗಾಗಿ ಕೇಳಬೇಕಾದ ಹೊಣೆ ಇಲ್ಲಿಯೇ ಹೆಚ್ಚಿತ್ತು. ಇನ್ನೊಂದು ಮಾತು. 1953ರಲ್ಲಿ ಕೊರಿಯಾದ ಯುದ್ಧಕೈದಿಗಳಲ್ಲಿ ಸಾವಿರಾರು ಜನ ತಮ್ಮ ಕಡೆಗೆ ಮರಳಲು ಒಲ್ಲೆವೆಂದಾಗ, ಅವರ ವಿಚಾರ ನೋಡಿಕೊಳ್ಳಲು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಎಲ್ಲಿಗೆ ಹೋಗಲು ಇಷ್ಟ ಎಂಬುದನ್ನು ಕೈದಿಯೇ ಹೇಳಬೇಕು, ಬಲವಂತ ಕೂಡದು ಎಂಬುದು ಆ ಆಯೋಗದ ಧರ್ಮ. ಪರದೇಶದ ಕೈದಿಗಳಿಗೆ ಅಷ್ಟು ನ್ಯಾಯ ಕೊಡಲು ನಿಂತ ದೇಶ, ಹತ್ತೇ ವರ್ಷದ ಮೇಲೆ ತನ್ನದೇ ರೈತನನ್ನು ‘ನೀನು ಎಲ್ಲಿಗೆ ಹೋಗುತ್ತೀಯಪ್ಪಾ?’ ಎಂದು ಕೇಳಲಿಲ್ಲ.

‘ಹಾಗಾದರೆ ಕರೆಂಟು ಬೇಡವೇ?’ ಎಂಬುದು ಇನ್ನೊಂದು ಪ್ರಶ್ನೆ. ಬೇಕು. ನನ್ನ ಮನೆಯಲ್ಲೂ ಮಿಕ್ಸಿಯಿದೆ, ಫ್ಯಾನಿದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್; ನಾಡಿನ ಕಾರ್ಖಾನೆಗಳು ಅದರಿಂದ ಬೆಳೆದವು. ಕೊರಿಯಾದಲ್ಲಿ 1948ರ ಮೇ ತಿಂಗಳಲ್ಲಿ ಉತ್ತರದವರು ದಕ್ಷಿಣಕ್ಕೆ ಹೋಗುತ್ತಿದ್ದ ವಿದ್ಯುತ್ತನ್ನೇ ಕಡಿದರು, ದೊಡ್ಡ ಅಣೆಕಟ್ಟುಗಳು ಅವರ ಕಡೆ ಇದ್ದವು. ನಮ್ಮವರು ಯಾರಿಗೂ ಯಾವುದನ್ನೂ ಕಡಿಯಲಿಲ್ಲ. ತಮ್ಮ ನೆಲ ಕೊಟ್ಟು, ಊರೂರಿಗೆ ಬೆಳಕು ಹರಿಸಿ, ತಾವು ವರ್ಷಗಟ್ಟಲೆ ಚಿಮಣಿ ಬುಡ್ಡಿಯ ಕೆಳಗೆ ಉಂಡರು. ಅವರು ಕೇಳುತ್ತಿರುವುದು ಬೆಳಕನ್ನು ಆರಿಸಿ ಎಂದಲ್ಲ, ಬೆಲೆಯನ್ನು ಕೊಡಿ ಎಂದು.

ಬೆಲೆ ಇನ್ನೂ ಬಾಕಿಯಿದೆ. ಮುಳುಗಡೆಯವರನ್ನು ಕೂರಿಸಿದ ಕಾಡಿನ ನೆಲ ಕಾಗದದಲ್ಲಿ ಕಾಡಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದು ಬೀಗ ಬಿತ್ತು. ರಾಜ್ಯ ಸರ್ಕಾರ ಆ ನೆಲವನ್ನು ಅರಣ್ಯದಿಂದ ಬಿಡಿಸಲು ಹೊರಡಿಸಿದ ಆದೇಶಗಳನ್ನು, ಕೇಂದ್ರದ ಒಪ್ಪಿಗೆ ಪಡೆದಿಲ್ಲವೆಂದು 2021ರಲ್ಲಿ ಹೈಕೋರ್ಟು ರದ್ದುಮಾಡಿತು. ನಾಡಿಗೆ ಬೆಳಕು ಕೊಟ್ಟವರ ಮೊಮ್ಮಕ್ಕಳು ತಮ್ಮ ಹಿತ್ತಲಿನಲ್ಲೇ ಒತ್ತುವರಿದಾರರೆನಿಸಿಕೊಂಡರು. ಸಾಗರದ ನಾ. ಡಿಸೋಜರು ಬದುಕಿನುದ್ದಕ್ಕೂ ಈ ಮುಳುಗಡೆಯನ್ನು ಬರೆದರು. ತೀರ್ಥಹಳ್ಳಿ ಕಡೆಯ ಗಿರೀಶ ಕಾಸರವಳ್ಳಿಯವರು ಅವರ ‘ದ್ವೀಪ’ವನ್ನು 2002ರಲ್ಲಿ ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ನಾವು ಚಪ್ಪಾಳೆ ತಟ್ಟಿದೆವು. ಪಟ್ಟೆ ಮಾತ್ರ ಬರಲಿಲ್ಲ.

ಇಷ್ಟರ ಮೇಲೆ ಹೊಸ ಗೆರೆಗಳು ಸಿದ್ಧವಾಗುತ್ತಿವೆ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಜಿಲ್ಲೆಯೇ ಬಂದ್ ಆಚರಿಸಿತು. ಆಮೇಲೆ ತಳಕಳಲೆಗೂ ಗೇರುಸೊಪ್ಪೆಗೂ ನಡುವೆ ನೀರನ್ನು ಇಳಿಸಿ ಏರಿಸುವ 2000 ಮೆಗಾವಾಟಿನ ಯೋಜನೆ ಬಂತು. 2025ರ ಅಹವಾಲು ಸಭೆಗಳಲ್ಲಿ ಜನ ಎದ್ದು ನಿಂತು ಬೇಡವೆಂದರು. ಈ ಜನರನ್ನು ಅಭಿವೃದ್ಧಿಯ ವಿರೋಧಿಗಳೆಂದು ಕರೆಯುವವರಿಗೆ ನಾಚಿಕೆಯಾಗಬೇಕು. ಒಮ್ಮೆ ಕೇಳದೆ ಕಿತ್ತುಕೊಂಡವರ ಮಾತನ್ನು ಎರಡನೆಯ ಸಲ ನಂಬಬೇಕಾದರೆ ಮೊದಲ ಸಾಲ ತೀರಿರಬೇಕು.

ಹಾಗಾಗಿ ನನ್ನ ಬೇಡಿಕೆ ಸರಳ. ಮುಳುಗಡೆಯವರು ಕೂತ ನೆಲದ ಪಟ್ಟೆ ಅವರ ಕೈಸೇರುವವರೆಗೆ ಶರಾವತಿಯ ಮೇಲೆ ಹೊಸದೊಂದು ಕಲ್ಲನ್ನೂ ಇಡಬಾರದು. ಮುಳುಗಿದ ಪ್ರತಿ ಊರಿನ ಹೆಸರು, ಅಲ್ಲಿದ್ದ ಗೇಣಿದಾರರ ಹೆಸರೂ ಸೇರಿದಂತೆ, ಸರ್ಕಾರವೇ ಅಚ್ಚುಹಾಕಬೇಕು. ನಮ್ಮ ಮಕ್ಕಳು 38ನೆಯ ಅಕ್ಷಾಂಶವನ್ನು ಕಲಿಯುವ ಹಾಗೆ 1819 ಅಡಿಯನ್ನೂ ಕಲಿಯಬೇಕು. ಮತ್ತು ನಕ್ಷೆಯ ಮೇಲೆ ಪೆನ್ಸಿಲ್ ಇಡುವ ಮುಂಚೆ ಆ ಜಾಗದಲ್ಲಿ ಒಲೆ ಹೊತ್ತಿಸುವವಳನ್ನು ಕೇಳಬೇಕು. ಅವಳು ಬೇಡವೆಂದರೆ ಪೆನ್ಸಿಲ್ ಕೆಳಗಿಡಬೇಕು.