ವಕೀಲರ ವಲಸೆ, ಹಮಾಲರ ವಲಸೆ

ಶ್ರೀ ಡಿ. ವಿ. ಸದಾನಂದಗೌಡರು ಸುಳ್ಯ ತಾಲ್ಲೂಕಿನ ಮಂಡೆಕೋಲಿನವರು. ಕಾನೂನು ಓದಿ, ಆ ಕಡೆಯ ನ್ಯಾಯಾಲಯಗಳಲ್ಲಿ ವಕೀಲಿ ಮಾಡಿ, 1994 ಮತ್ತು 1999ರಲ್ಲಿ ಪುತ್ತೂರಿನಿಂದ ಶಾಸನಸಭೆಗೆ ಬಂದರು. 2004ರಲ್ಲಿ ಮಂಗಳೂರಿನಿಂದಲೂ 2009ರಲ್ಲಿ ಉಡುಪಿ–ಚಿಕ್ಕಮಗಳೂರಿನಿಂದಲೂ ಲೋಕಸಭೆಗೆ ಹೋದರು. 2011ರಿಂದ ಹನ್ನೊಂದು ತಿಂಗಳು ಮುಖ್ಯಮಂತ್ರಿಗಳಾಗಿದ್ದರು. ಅನಂತರ ಅವರಿಗೆ ಬೆಂಗಳೂರು ಉತ್ತರ ಕ್ಷೇತ್ರ ಸಿಕ್ಕಿತು. 2014ರಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಮತಗಳ ಅಂತರದ ಗೆಲುವು, 2019ರಲ್ಲಿ ಮತ್ತೊಂದು ಗೆಲುವು. ಕೇಂದ್ರದಲ್ಲಿ ಮೊದಲು ರೈಲ್ವೆ ಖಾತೆ, ಆಮೇಲೆ ಕಾನೂನು ಖಾತೆ.

ಯಲಹಂಕದವರ ಕಥೆಯೂ ಹೀಗೆಯೇ. ಬೆಂಗಳೂರಿನ ಭಾಗವಾದರೂ ಯಲಹಂಕ ಲೋಕಸಭೆಯ ಮಟ್ಟಿಗೆ ಚಿಕ್ಕಬಳ್ಳಾಪುರಕ್ಕೆ ಸೇರಿದೆ. 2009ರಲ್ಲೂ 2014ರಲ್ಲೂ ಆ ಕ್ಷೇತ್ರದಿಂದ ಗೆದ್ದವರು ಕಾರ್ಕಳದ ವಕೀಲ ಶ್ರೀ ವೀರಪ್ಪ ಮೊಯಿಲಿಯವರು. ಹೀಗಾಗಿ 2014ರಿಂದ ಐದು ವರ್ಷ ಹೆಬ್ಬಾಳಕ್ಕೂ ಯಲಹಂಕಕ್ಕೂ ಕರಾವಳಿಯ ವಕೀಲರೇ ಪ್ರತಿನಿಧಿಗಳಾಗಿದ್ದರು. ಒಬ್ಬರು ಭಾಜಪ, ಇನ್ನೊಬ್ಬರು ಕಾಂಗ್ರೆಸ್. ಇಬ್ಬರೂ ಮಾಜಿ ಮುಖ್ಯಮಂತ್ರಿಗಳು, ಇಬ್ಬರೂ ದೇಶದ ಕಾನೂನು ಮಂತ್ರಿಗಳಾದವರು! ಸದಾನಂದಗೌಡರಿಗಿಂತ ಮೊದಲು ಬೆಂಗಳೂರು ಉತ್ತರದಲ್ಲಿ ಇದ್ದವರೂ ಮಲೆನಾಡಿನಿಂದ ಬಂದ ವಕೀಲರೇ: 1978ರಲ್ಲಿ ಇಂದಿರಾಗಾಂಧಿಯವರಿಗೆ ಚಿಕ್ಕಮಗಳೂರನ್ನು ಬಿಟ್ಟುಕೊಟ್ಟ ಶ್ರೀ ಡಿ. ಬಿ. ಚಂದ್ರೇಗೌಡರು.

ಇವರು ಹೊರಗಿನವರು ಎಂದು ಕೂಗುವವರ ಸಾಲಿನಲ್ಲಿ ನಾವಿಲ್ಲ. ಆ ಕೂಗು ಇಂದು ಮಂತ್ರಿಯ ಮೇಲೆ ಎದ್ದರೆ ನಾಳೆ ನಮ್ಮ ಜಿಲ್ಲೆಯಿಂದ ಹೊಟ್ಟೆಪಾಡಿಗೆ ಹೋದ ಹುಡುಗನ ಮೇಲೆ ಬೀಳುತ್ತದೆ. ನಮ್ಮ ತಕರಾರು ಬೇರೆ.

ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರುವ ಹಮಾಲ ಯಾವ ಊರಿನವನು? ಪೀಣ್ಯದಲ್ಲಿ ಲೇತಿನ ಮುಂದೆ ನಿಂತವನು, ಗಾರ್ಮೆಂಟಿನಲ್ಲಿ ಹೊಲಿಯುವ ಹೆಣ್ಣುಮಗಳು, ಹೆಬ್ಬಾಳದ ರಸ್ತೆಬದಿಯಲ್ಲಿ ತಳ್ಳುಗಾಡಿ ಇಟ್ಟವನು? ಇವರಲ್ಲಿ ಬಹುಮಂದಿ ವಲಸೆ ಬಂದವರೇ. ಹತ್ತು ವರ್ಷ ಅಲ್ಲಿಯ ನೀರು ಕುಡಿದು, ಅಲ್ಲಿಯೇ ಬೆವರು ಸುರಿಸಿದ ಮೇಲೂ ಎಷ್ಟೋ ಜನರ ಹೆಸರು ಅಲ್ಲಿಯ ಮತದಾರರ ಪಟ್ಟಿಯಲ್ಲಿಲ್ಲ. ಊರಿಗೆ ಹೋಗಿ ಮತ ಹಾಕೋಣವೆಂದರೆ ಎರಡು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ.

ಕಾನೂನನ್ನು ಓದಿ ನೋಡಿರಿ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಪ್ರಕಾರ, ಕೆಲವು ವಿಶೇಷ ಸ್ಥಾನಗಳನ್ನು ಬಿಟ್ಟರೆ, ದೇಶದ ಯಾವ ಕ್ಷೇತ್ರದ ಮತದಾರನಾದರೂ ಯಾವ ಕ್ಷೇತ್ರದಿಂದಲಾದರೂ ಲೋಕಸಭೆಗೆ ನಿಲ್ಲಬಹುದು. ಸ್ಪರ್ಧಿಸುವ ಊರಿನಲ್ಲಿ ಒಂದು ರಾತ್ರಿಯೂ ಮಲಗಿರಬೇಕಾಗಿಲ್ಲ. ಆದರೆ ಮತ ಹಾಕುವವನು 1950ರ ಕಾಯಿದೆಯಂತೆ ಅಲ್ಲಿ 'ಸಾಮಾನ್ಯವಾಗಿ ವಾಸಿಸುವವನು' ಆಗಿರಬೇಕು. ಇದು ನ್ಯಾಯವೇ. ಹಮಾಲನೂ ಅಲ್ಲಿಯೇ ವಾಸಿಸುತ್ತಾನೆ, ಹಕ್ಕು ಅವನದೇ. ಅದನ್ನು ತೋರಿಸುವುದು ಹೇಗೆ? ಬಾಡಿಗೆದಾರನಾದರೆ ನೋಂದಾಯಿತ ಕರಾರುಪತ್ರ ಕೇಳುತ್ತಾರೆ. ಹತ್ತು ಅಡಿಯ ಕೋಣೆಯನ್ನು ಬಾಯಿಮಾತಿನಲ್ಲಿ ಕೊಟ್ಟ ಯಜಮಾನ ನೋಂದಣಿ ಕಚೇರಿಗೆ ಬರುತ್ತಾನೆಯೇ? ವಿದ್ಯುತ್ ಬಿಲ್ಲು ಅವನ ಹೆಸರಿನಲ್ಲಿ, ಹಮಾಲನ ಆಧಾರ್ ಚೀಟಿ ಊರಿನ ವಿಳಾಸದಲ್ಲಿ.

ಪರದೇಶದಲ್ಲಿ ಹೇಗಿದೆ? ಹಾಲೆಂಡಿನಲ್ಲಿ ಐದು ವರ್ಷ ಸಕ್ರಮವಾಗಿ ನೆಲೆಸಿದ ವಿದೇಶೀಯನಿಗೂ ನಗರಸಭೆಗೆ ಮತ ಹಾಕುವ, ಅಭ್ಯರ್ಥಿಯಾಗುವ ಹಕ್ಕುಂಟು. 1986ರ ಚುನಾವಣೆಯಿಂದ ಇದು ನಡೆದುಬಂದಿದೆ. ನಮ್ಮಲ್ಲಿ ಸ್ವದೇಶದ ಪ್ರಜೆಯೇ ಪಕ್ಕದ ಜಿಲ್ಲೆಯಲ್ಲಿ ಪರದೇಶಿ. ಬೆಂಗಳೂರಿನ ಮಾತಂತೂ ಕೇಳಲೇಬೇಡಿ: 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದು ಐದು ವರ್ಷ ಕಳೆದರೂ ಚುನಾವಣೆಯನ್ನೇ ನಡೆಸಿರಲಿಲ್ಲ.

ದೂರದಿಂದಲೇ ಊರಿನ ಮತ ಹಾಕುವ ಯಂತ್ರವೊಂದನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ವಿರೋಧ ಪಕ್ಷಗಳು ಒಪ್ಪಲಿಲ್ಲ. ನಮಗೂ ಅದರಲ್ಲಿ ಉತ್ಸಾಹವಿಲ್ಲ. ಚರಂಡಿ ಯಾರ ಬಾಗಿಲಲ್ಲಿ ಹರಿಯುತ್ತದೆಯೋ ಮತವೂ ಅಲ್ಲಿಯೇ ಬೀಳಬೇಕು.

2024ರಲ್ಲಿ ಸದಾನಂದಗೌಡರಿಗೆ ಟಿಕೆಟ್ ತಪ್ಪಿ, ಅದೇ ಪುತ್ತೂರು ಕಡೆಯ ಕುಮಾರಿ ಶೋಭಾ ಕರಂದ್ಲಾಜೆಯವರು ಗೆದ್ದುಬಂದರು. ಅವರನ್ನು ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ಕಾಗದವಿಲ್ಲದವನ ಮನೆಗೆ ಅಧಿಕಾರಿಯೇ ಬಂದು ನೋಡಿ ಹೆಸರು ಸೇರಿಸುವ ಅವಕಾಶ ನಿಯಮದಲ್ಲಿರುವಾಗ, ಪೀಣ್ಯದ ವಠಾರಗಳಿಗೆ ಅಧಿಕಾರಿ ಬರುವುದು ಯಾವಾಗ? ಅದಕ್ಕೆ ಮುಂಚೆ, ಮಗನೋ ತಮ್ಮನೋ ಅಲ್ಲಿರುವ ಓದುಗರು ಅವನಿಗೊಂದು ಕಾಗದ ಬರೆಯಿರಿ. ಊರಿನ ಪಟ್ಟಿಯಿಂದ ಅಲ್ಲಿಯ ಪಟ್ಟಿಗೆ ಹೆಸರು ವರ್ಗಾಯಿಸಲು ತುಂಬಬೇಕಾದದ್ದು ನಮೂನೆ 8.